ತೊಂಬತ್ತಾರನೇ ನಂಬರಿನ ನಗು

"ಈ ತೊಂಬತ್ತಾರನೇ ನಂಬರ್ ಪೇಷಂಟು ನಗ್ತಿರೋ ಫೋಟೋ ಒಂದು ಬೇಕಲ್ಲ. ನಕ್ಕಾಗ ತುಟಿ ಎಷ್ಟು ಮೇಲೇಳುತ್ತೆ ಅಂತ ಗೊತ್ತಾಗದೆ ಮುಂದಿನ ಹಲ್ಲು ಮಾಡೋಕಾಗಲ್ಲ."

ಹಲ್ಲಿನ ಆಸ್ಪತ್ರೆಯ ಕೌಂಟರಿನ ಆಚೆ ನಿಂತು ಹಲ್ಲು ಕಟ್ಟುವವನು ಹೀಗೆಂದಾಗ ಈಚೆ ನಿಂತ ನರ್ಸು ತನ್ನ ಮಾಸ್ಕನ್ನು ಇನ್ನಷ್ಟು ಮೇಲೆಳೆದುಕೊಂಡಳು. ತೊಂಬತ್ತಾರನೇ ನಂಬರ್ ಅವಳೇ. ಅಚ್ಚಿನ ಡಬ್ಬಿಯ ಮೇಲೆ ಹೆಸರಿಲ್ಲದೆ ನಂಬರಷ್ಟೇ ಇರುತ್ತಿದ್ದದ್ದರಿಂದ ಅವನಿಗೆ ಅದು ಗೊತ್ತಿರಲಿಲ್ಲ.

ಮೂರು ವರ್ಷದಿಂದ ದಿನಾ ಸಂಜೆ ಅವನು ಬಾಯಿಯ ಅಚ್ಚುಗಳನ್ನು ಒಯ್ಯುತ್ತಿದ್ದ, ಮಾಡಿದ ಹಲ್ಲುಗಳನ್ನು ತಂದುಕೊಡುತ್ತಿದ್ದ. ಇಬ್ಬರಿಗೂ ಮುಖದ ತುಂಬ ಮಾಸ್ಕ್. ಆದರೂ ಕಣ್ಣಲ್ಲೇ ಅವಳನ್ನು ರೇಗಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ತಾನು ಮಾಡಿದ ಹಲ್ಲು ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲವೆಂದು ಜಂಬ ಕೊಚ್ಚುವಾಗ ಅವನ ಹುಬ್ಬು ಕುಣಿಯುತ್ತಿತ್ತು. ಅವಳ ಮನಸ್ಸು ಸೋತದ್ದು ಆ ಹುಬ್ಬಿಗೇ.

ನೀರು ಕುಡಿಯಬೇಕೆಂದರೆ ಮಾಸ್ಕ್ ಇಳಿಸಬೇಕು, ಮತ್ತೆ ಕೈ ತೊಳೆಯಬೇಕು. ಆ ರಗಳೆಯೇ ಬೇಡವೆಂದು ಅವಳು ದಿನಕ್ಕೆ ಹತ್ತು ಗಂಟೆ ಬಾಯಲ್ಲೇ ಉಸಿರಾಡುತ್ತ, ಗಂಟಲು ಒಣಗಿಸಿಕೊಂಡು ದುಡಿದಳು. ಬಾಯಿ ವಾಸನೆ ಶುರುವಾಯಿತು, ವಸಡಿನಲ್ಲಿ ರಕ್ತ ಬಂತು, ಕೊನೆಗೆ ಮೇಲಿನ ಮುಂದಿನ ಹಲ್ಲೇ ಹುಳುಕಾಗಿ ಕೀಳಬೇಕಾಯಿತು.

"ಮಾಸ್ಕನ್ನ ಬೈಬೇಡ," ಎಂದು ಡಾಕ್ಟರಮ್ಮ ಗದರಿದ್ದರು. "ದಿನವಿಡೀ ಊರವರ ಬಾಯಿ ತೊಳೀತೀಯ, ನಿನ್ನ ಬಾಯಿಗೆ ಒಂದು ಗುಟುಕು ನೀರಿಲ್ವೇನೇ?"

ಅವನು ಮೂರು ಸಲ ಟೀ ಕುಡಿಯಲು ಕರೆದಿದ್ದ. ಟೀ ಎಂದರೆ ಮಾಸ್ಕ್ ಇಳಿಸಬೇಕು. ಮೂರು ಸಲವೂ ಏನೋ ಒಂದು ನೆಪ ಹೇಳಿದಳು. ತನ್ನನ್ನು ಕಂಡರೆ ಇವಳಿಗಾಗದು ಎಂದುಕೊಂಡು ಅವನು ದೂರದ ಊರಿನ ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಒಪ್ಪಿಕೊಂಡುಬಿಟ್ಟಿದ್ದ. ನಾಳೆ ಬೆಳಿಗ್ಗೆಯೇ ಹೊರಡುವುದಂತೆ. ಫೋಟೋ ಕೇಳಿದ ಬಾಯಲ್ಲೇ ಅದನ್ನೂ ಹೇಳಿ ಮುಗಿಸಿದ.

"ಫೋಟೋ ಇಲ್ಲಾಂದ್ರೆ ಇದನ್ನ ಬೇರೆಯವರಿಗೆ ಕೊಡಿ," ಎಂದು ಅಚ್ಚಿನ ಡಬ್ಬಿಯನ್ನು ಅವಳತ್ತ ಸರಿಸಿದ. ಕಣ್ಣಲ್ಲಿ ರೇಗಿಸುವ ಸುಳಿವೇ ಇರಲಿಲ್ಲ.

ಹೋದರೆ ಹೋಗಲಿ ಎಂದುಕೊಳ್ಳಲು ಅವಳು ಹೆಣಗಾಡಿದಳು. ಆಗಲಿಲ್ಲ. ಇವತ್ತು ಬಿಟ್ಟರೆ ಇನ್ನು ಅವನಿಲ್ಲ. ಬಾಗಿಲು ಮುಟ್ಟಿದವನನ್ನು ಕರೆದು ನಿಲ್ಲಿಸಿ, ಕಿವಿಯ ಹಿಂದಿನ ಮಾಸ್ಕಿನ ದಾರ ಬಿಡಿಸಿದಳು.

"ಫೋಟೋ ಇಲ್ಲ. ಆ ಪೇಷಂಟು ನಾನೇ. ಬಾಯಿ ವಾಸನೆ, ಹಲ್ಲಿಲ್ಲ, ಅದಕ್ಕೇ ಟೀಗೆ ಬರ್ಲಿಲ್ಲ. ನಿಮ್ಮನ್ನ ಕಂಡ್ರೆ ಆಗದೆ ಅಲ್ಲ. ನೀವಿಲ್ದೆ ನಾನು ಹೇಗಿರ್ಲಿ ಹೇಳಿ."

ಅವನು ಬಾಗಿಲು ಬಿಟ್ಟು ತಿರುಗಿದ. ಆಮೇಲೆ ಹತ್ತಿರ ಬಂದು ಡಬ್ಬಿಯನ್ನು ಎತ್ತಿಕೊಂಡ.

"ನಗಿ. ಅಳತೆ ಬೇಕು."

ಅಳು ಉಕ್ಕುವ ಬಾಯಲ್ಲಿ ನಗುವುದು ಹೇಗೆ? ಆದರೂ ನಕ್ಕಳು, ಆ ಕಿಂಡಿಗೆ ಕೈ ಅಡ್ಡ ಹಿಡಿಯದೆ. ಅವನು ಕಣ್ತುಂಬ ನೋಡಿದ. ಹೊಸ ಲ್ಯಾಬಿಗೆ ಮಾತು ಕೊಟ್ಟಾಗಿದೆ, ಹೋಗದೆ ವಿಧಿಯಿಲ್ಲ ಎಂದ. ಅವಳ ನಗು ಆರಿಹೋಯಿತು.

ಅವನು ಹುಬ್ಬು ಕುಣಿಸಲು ನೋಡಿದ. ಕಣ್ಣು ತುಂಬಿ ಬಂದದ್ದರಿಂದ ಅದೂ ಆಗಲಿಲ್ಲ.

"ಹಲ್ಲನ್ನ ನಾನೇ ತರ್ತೀನಿ. ಮೊದಲನೇ ಸಲ ಸರಿಯಾಗಿ ಕೂರದ ಹಾಗೆ ಮಾಡ್ತೀನಿ. ಎರಡನೇ ಸಲಾನೂ ಕೂರಲ್ಲ. ನೀವು ವಾಪಸ್ ಕೊಡ್ತಾನೇ ಇರಿ, ನಾನು ಬರ್ತಾನೇ ಇರ್ತೀನಿ."

ಅವಳು ಹೂಂ ಎಂದಳು. ಅವನು ಹೋಗುವವರೆಗೂ ಮಾಸ್ಕ್ ಮತ್ತೆ ಏರಿಸಲಿಲ್ಲ.