ಕೆಂಪು ಅಣಬೆ ಉದುರಿಸಿದ ಪುಡಿ

“ಅತ್ತೆ, ಆ ಲೋಟ ಮುಟ್ಟಬೇಡಿ,” ಅಂತ ಗುಬ್ಬಿ ಅಡ್ಡ ನಿಂತಳು.

ಅತ್ತೆ ಕೈ ಹಿಂದೆ ತಗೊಂಡರು. ಮಾಮ ತೀರಿಕೊಂಡು ಐದು ದಿನವಾಗಿತ್ತು. ಅವರ ಮೇಜು ಖಾಲಿ ಮಾಡಬೇಕಿತ್ತು. ಮಾಮನ ಜೊತೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮೇಡಂ, ಮಾಮನ ಅಣಬೆ ನೋಟ್‌ಬುಕ್ ಒಯ್ಯಲು ಬಂದು ಕೂತಿದ್ದರು.

ಬೋರಲು ಹಾಕಿದ ಲೋಟದ ಕೆಳಗೆ ಪುಟಾಣಿ ಅಣಬೆಯ ಟೋಪಿ. ಕಾಡಿನಲ್ಲಿ ಗುಬ್ಬಿಗೇ ಸಿಕ್ಕಿದ್ದು. ಉಗುರಿನಷ್ಟೇ ಇತ್ತು, ಆದರೆ ಕೆಂಪಂದರೆ ಕೆಂಪು. ಈಗ ಸುರುಟಿ ಕಪ್ಪಾಗಿತ್ತು.

ಅದು ಸಿಕ್ಕ ದಿನ ಆಸ್ಪತ್ರೆಯಿಂದ ಮಾಮ ಫೋನಿನಲ್ಲಿ ನಕ್ಕಿದ್ದರು. “ಬಣ್ಣ ನೋಡಿ ಮರುಳಾಗಬೇಡ ಕಣೇ. ಇಂಥ ಕೆಂಪು ಟೋಪಿಯವು ಬೇರೆ ಬೇರೆ ಮನೆತನದಲ್ಲಿವೆ. ಟೋಪಿ ಕಿತ್ತು ಪೇಪರ್ ಮೇಲಿಟ್ಟು ಲೋಟ ಮುಚ್ಚು, ಬೆಳಗಾಗೋದ್ರೊಳಗೆ ಅದರ ಬೀಜದಂಥ ಪುಡಿ ಉದುರತ್ತೆ. ಗುಲಾಬಿನಾ, ಬಿಳಿನಾ ನೋಡು. ಪುಡಿ ಸುಳ್ಳು ಹೇಳಲ್ಲ. ಪೇಪರ್ ಮಾತ್ರ ಅರ್ಧ ಕಪ್ಪು, ಅರ್ಧ ಬಿಳಿ ಇರಬೇಕು.” ಸಂಜೆ ಮತ್ತೆ ಫೋನ್ ಮಾಡಿ ಕೇಳಿದ್ದರು, “ಇಟ್ಯಾ?”

“ಇಟ್ಟೆ,” ಅಂದಿದ್ದಳು ಗುಬ್ಬಿ. ಕಪ್ಪು ಪೇಪರ್ ತರೋಕೆ ಅಂಗಡಿಗೆ ಹೋಗಲು ಸೋಮಾರಿತನ. ಡ್ರಾಯಿಂಗ್ ಬುಕ್ಕಿನ ಬಿಳಿ ಹಾಳೆ ಹರಿದು ಇಟ್ಟಿದ್ದಳು.

“ಜಾಣೆ. ಬೆಳಿಗ್ಗೆ ಫೋನ್ ಮಾಡಿ ಹೇಳು.”

ಬೆಳಿಗ್ಗೆ ಹಾಳೆ ಮೇಲೆ ಏನೂ ಕಾಣಲಿಲ್ಲ. ಏನು ಹೇಳೋದು ಅಂತ ಫೋನೇ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಮನೇ ಇರಲಿಲ್ಲ.

“ನಾನು ಸುಳ್ಳು ಹೇಳಿದೆ,” ಅಂತ ಗುಬ್ಬಿ ಬಿಕ್ಕಿದಳು. “ಬರೀ ಬಿಳಿ ಪೇಪರ್ ಇಟ್ಟೆ. ಪುಡಿ ಬೀಳಲೇ ಇಲ್ಲ. ಅವರು ಕಾಯ್ತಾ ಇದ್ರೇನೋ.”

ಮೇಡಂ ಬೈಯಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. “ಕಪ್ಪಗಿರೋದು ಏನಾದ್ರೂ ಕೊಡಿ.”

ಅತ್ತೆ ಸುತ್ತ ಹುಡುಕಿ, ಕೊನೆಗೆ ಆಸ್ಪತ್ರೆಯ ಚೀಲದಿಂದ ಮಾಮನ ಫೋನ್ ತೆಗೆದುಕೊಟ್ಟರು. ಅದು ಆಫ್ ಆಗಿತ್ತು. ಮೇಡಂ ಬ್ಲೇಡಿನಿಂದ ಹಾಳೆಯನ್ನು ಮೆಲ್ಲಗೆ ಕೆರೆದು, ಕಪ್ಪು ಸ್ಕ್ರೀನಿನ ಮೇಲೆ ಕೊಡವಿದರು.

ಹಾಲಿನ ಪುಡಿಯಂಥ ಬಿಳಿ ಪುಡಿ, ಒಂದೇ ಒಂದು ಚಿಟಿಕೆ.

“ಬಿದ್ದಿತ್ತು ಮಗು. ಬಿಳಿ ಮೇಲೆ ಬಿಳಿ, ಕಾಣಲಿಲ್ಲ ಅಷ್ಟೇ. ಇದು ಗುಲಾಬಿ ಪುಡಿಯ ಮನೆತನದ್ದಲ್ಲ. ಮೇಣ ಸವರಿದ ಹಾಗೆ ಹೊಳೆಯೋದಕ್ಕೆ ಮೇಣಟೋಪಿ ಅಂತೀವಲ್ಲ, ಆ ಕಡೆಯದಿರಬೇಕು.”

ಆಸ್ಪತ್ರೆಯಲ್ಲೂ ಮಾಮ ನೋಟ್‌ಬುಕ್ ಬಿಟ್ಟಿರಲಿಲ್ಲ. ಮೇಡಂ ಅದನ್ನು ತೆರೆದರು. ಬರೆದ ಕೊನೆಯ ಪುಟದಲ್ಲಿ ಅಕ್ಷರ ನಡುಗಿತ್ತು. ಟೋಪಿ: ಕೆಂಪು. ಕಾಲು: ಹಳದಿ. ಪೇಪರ್: ಅರ್ಧ ಕಪ್ಪು, ಅರ್ಧ ಬಿಳಿ. ಪುಡಿ: ನಾಳೆ ಗುಬ್ಬಿ ಹೇಳ್ತಾಳೆ.

ಗುಬ್ಬಿಗೆ ಅಕ್ಷರಗಳೆಲ್ಲ ಮಂಜಾದವು. ಕಣ್ಣೊರೆಸಿಕೊಂಡು ಪೆನ್ ತಗೊಂಡಳು. ಮೊದಲು ‘ಅರ್ಧ ಕಪ್ಪು, ಅರ್ಧ ಬಿಳಿ’ ಅನ್ನೋದನ್ನು ಹೊಡೆದುಹಾಕಿ ‘ಬರೀ ಬಿಳಿ’ ಅಂತ ಬರೆದಳು. ಆಮೇಲೆ ಕೊನೆಯ ಸಾಲಿನ ಕೆಳಗೆ ‘ಬಿಳಿ’ ಅಂತ ಬರೆದು, ಅದನ್ನೇ ಫೋನಿನ ಕಡೆ ಬಾಗಿ ಮೆಲ್ಲಗೆ ಹೇಳಿದಳು.

ಅತ್ತೆ ಸ್ಕ್ರೀನ್ ಒರೆಸಲು ಬಟ್ಟೆ ತಂದರು.

“ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅತ್ತೆ,” ಅಂದಳು ಗುಬ್ಬಿ.