ತೂಬಿನ ಕೆಳಗಿನ ಸೀಸ

ಫೆಬ್ರುವರಿ 12, 2025, ಬುಧವಾರ, ಬೆಳಿಗ್ಗೆ 9.40. ಸೂಳೆಕೆರೆ ಮಗ್ಗುಲಿನ ಹಳ್ಳಿಯ ಮೂಕಮ್ಮ ಠಾಣೆಗೆ ಬಂದು, ಬೆಂಚಿದ್ದರೂ ಕೂರದೆ ನಿಂತೇ ದೂರು ಹೇಳಿದಳು. ಒಂದೇ ವಾರದಲ್ಲಿ ಎರಡು ಎಮ್ಮೆ ಸತ್ತಿದ್ದವು. ಉಳಿದದ್ದು ಒಂದು, ಅದೂ ಗಬ್ಬದ್ದು.

"ಹಾಲು ಮಾರಿ ಬದುಕೋಳು ನಾನು. ಇದೂ ಹೋದ್ರೆ ಮುಂದೇನು ಮೇಡಂ?"

"ಯಾರ ಮೇಲಾದರೂ ಅನುಮಾನ?" ಸಬ್ ಇನ್‌ಸ್ಪೆಕ್ಟರ್ ಪ್ರೇಮಲತಾ ಕೇಳಿದರು.

"ಎಮ್ಮೆ ಮೇಲೆ ಯಾರಿಗ್ರೀ ಹಗೆ?"

"ನೀರು ಕುಡಿಸೋದೆಲ್ಲಿ?"

"ತೂಬಿನ ಕೆಳಗಿನ ಕಾಲುವೇಲಿ. ಪಕ್ಕದ್ಮನೆ ಸಣ್ಣಪ್ಪ ಅಂದಿದ್ದ, ಅಕ್ಕಾ ಆ ಕಡೆ ಎಮ್ಮೆ ಬಿಡಬ್ಯಾಡ ಅಂತ. ನಾನು ಕಿವಿಗೆ ಹಾಕ್ಕೊಳ್ಲಿಲ್ಲ."

ಪ್ರೇಮಲತಾ ಆ ಮಾತನ್ನು ಬರೆದುಕೊಂಡರು. ಉಳಿದ ಎಮ್ಮೆಗೆ ಬೋರ್‌ವೆಲ್ ನೀರೇ ಕುಡಿಸುವಂತೆ ಹೇಳಿ ಕಳಿಸಿದರು. ಹೆಡ್ ಕಾನ್‌ಸ್ಟೆಬಲ್ ಗಿಡ್ಡಪ್ಪ ಎಫ್‌ಐಆರ್ ದಾಖಲಿಸಿದ. ಸತ್ತ ಎಮ್ಮೆಯ ಹೊಟ್ಟೆಯದೂ ಕಾಲುವೆ ಕೆಸರಿನದೂ ಮಾದರಿ ಪ್ರಯೋಗಾಲಯಕ್ಕೆ ಹೋಯಿತು.

ಪ್ರಯೋಗಾಲಯದ ವರದಿ ಬಂದದ್ದು ಫೆಬ್ರುವರಿ 24ಕ್ಕೆ. ಎಮ್ಮೆಯ ಹೊಟ್ಟೆಯಲ್ಲೂ ಕಾಲುವೆಯ ಕೆಸರಲ್ಲೂ ಸೀಸ. ಕೆರೆ ತಾನಾಗಿ ಸೀಸ ಹಡೆಯುವುದಿಲ್ಲವಲ್ಲ! ಊರಿಗೆಲ್ಲ ಗೊತ್ತಿಲ್ಲದ್ದು ಸಣ್ಣಪ್ಪನೊಬ್ಬನಿಗೆ ಹೇಗೆ ಗೊತ್ತಾಯಿತು?

ಮಧ್ಯಾಹ್ನ 3.15ಕ್ಕೆ ಜೀಪು ಅವನ ಮನೆ ಮುಂದೆ ನಿಂತಿತು.

"ಬ್ಯಾಟರಿ ಗೀಟರಿ ನಂಗೊತ್ತಿಲ್ರೀ," ಅಂದ ಸಣ್ಣಪ್ಪ.

ಬ್ಯಾಟರಿ ಸುದ್ದಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಿಡ್ಡಪ್ಪ ನಗು ನುಂಗಿಕೊಂಡು ಹಿತ್ತಲಿನ ಶೆಡ್ಡಿನ ಬಾಗಿಲು ತೆಗೆದ.

ಪಂಚರ ಸಮಕ್ಷಮ ಪಂಚನಾಮೆ ಆಯಿತು: ಒಡೆದ ಲಾರಿ ಬ್ಯಾಟರಿ ಹದಿನೇಳು, ಸೀಸ ಕರಗಿಸುವ ಬಾಣಲೆ ಒಂದು, ಬಲೆಯ ಅಂಚಿಗೆ ಪೋಣಿಸುವ ಸೀಸದ ಗುಂಡು ನಾಲ್ಕು ಚೀಲ. ಎರಡು ಚೀಲದ ಮೇಲೆ ಕರಾವಳಿಯ ವಿಳಾಸ. ಆ ಗುಂಡು ಪಡುವಣ ಕಡಲಿನ ಬಂಡೆಗೆ ಉಜ್ಜಿ ಸವೆಯುತ್ತದೆ. ಸೀಸ ಕರಗಿಸಿ ಉಳಿದ ಬೂದಿ ಇಲ್ಲಿ ತೊಳೆದರೆ ಹರಿದ್ರಾ ಹಳ್ಳದಿಂದ ತುಂಗಭದ್ರೆಗೆ ಸೇರಿ ಮೂಡಣ ಕಡಲಿಗೆ ಹೊರಡುತ್ತದೆ. ಒಂದು ಶೆಡ್ಡು, ಎರಡು ಸಮುದ್ರ. ಪ್ರೇಮಲತಾ ಸಣ್ಣಪ್ಪನ ಕಡೆ ತಿರುಗಿದರು.

"ಬೂದಿ ಎಲ್ಲಿ ತೊಳೀತಿದ್ದೆ?"

"ತೂಬಿನ ಕೆಳಗೆ."

"ಎಮ್ಮೆ ಸಾಯುತ್ತೆ ಅಂತ ಗೊತ್ತಿತ್ತಾ?"

"ಮೊದ್ಲು ಮೀನು ತೇಲಿದ್ವು. ಆಗ ಗೊತ್ತಾತು."

"ಆಮೇಲೂ ಯಾಕೆ ಬಿಡಲಿಲ್ಲ?"

ಸಣ್ಣಪ್ಪ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಲಕ್ವ ಹೊಡೆದು ಮೂರು ವರ್ಷವಾಗಿತ್ತು.

"ಬಲೆ ಬೀಸಾಕೆ ಆಗ್ದಂಗಾದ್ಮ್ಯಾಲೆ ನನ್ನ ಯಾರೂ ಕರೀಲಿಲ್ಲ ಮೇಡಂ. ಗುಂಡು ಎರಕ ಹೊಯ್ದಾಗಿಂದ ಎಲ್ರೂ ಮನಿತಂಕ ಬರಾಕೆ ಹತ್ತಿದ್ರು. ಬಿಟ್ರೆ ಮತ್ತೆ ಒಬ್ನೇ."

ಸಂಜೆ 5.50ಕ್ಕೆ ದಸ್ತಗಿರಿ. ಜೀಪು ಹತ್ತುವಾಗ ಬೇಲಿ ಪಕ್ಕ ನಿಂತ ಮೂಕಮ್ಮನನ್ನು ಕಂಡು ಅವನು ತಲೆ ತಗ್ಗಿಸಿದ.

"ಅಕ್ಕಾ, ನಾನು ಹೇಳಿದ್ನಲ್ಲ, ಆ ಕಡೆ ಬಿಡಬ್ಯಾಡ ಅಂತ."

"ಹೇಳ್ದೆ ಕಣೋ," ಅಂದಳು ಮೂಕಮ್ಮ. "ಯಾಕೆ ಅಂತ ಹೇಳಿದ್ರೆ ಕೇಳ್ತಿದ್ದೆ."