ಸೂಲಗಿತ್ತಿಯ ಕಾರಿನ ಎಡಗಾಲಿ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕಾರಕೋಲ್ ಊರಿನ ಗ್ಯಾರೇಜು ಸಾಲಿನ ಮೆಕ್ಯಾನಿಕ್ ಸಗಿನ್ ಬೂಟು ಕಳಚುವುದನ್ನೂ ಮರೆತು ಜೂರಾಕನ್‌ಳ ಮನೆಯೊಳಕ್ಕೆ ಬಂದುಬಿಟ್ಟ. ಪಕ್ಕದ ಮನೆಯ ಎಸೆನ್ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಅದೇ ಸಾಲಿನಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕುವವನು ಅವನು. ಸಗಿನ್‌ನ ಮುಖ ನೋಡಿದ್ದೇ ಅವನು ಬಟ್ಟಲು ಕೆಳಗಿಟ್ಟ.

ಜೂರಾಕನ್ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತಳಾದವಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲೇ ಹಿಡಿಯುತ್ತಿದ್ದಳು. ಊರಿನಲ್ಲಿ ಕುದುರೆ ಕಳೆದರೂ, ಬೇಲಿ ಮುರಿದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುವುದು ವಾಡಿಕೆಯಾಗಿತ್ತು. ಅವಳು ಹೊರಟಾಗಲೆಲ್ಲ ಹಿಂದೆ ಅವಳ ಪೆಟ್ಟಿಗೆ ಹೊತ್ತು ಎಸೆನ್ ಇದ್ದೇ ಇರುತ್ತಿದ್ದ.

"ಅಕ್ಕ, ನನ್ನ ಮಾನ ಉಳಿಸಿ," ಎಂದ ಸಗಿನ್. "ನಾಳೆ ಸಾಲಿನವರೆಲ್ಲ ಸೇರ್ತಾರೆ. ನನ್ನನ್ನ ಹೊರಗೆ ಹಾಕ್ತಾರಂತೆ."

ನಡೆದದ್ದು ಇಷ್ಟು. ಸೂಲಗಿತ್ತಿ ಬುರುಲ್, ಇಪ್ಪತ್ತೈದು ವರ್ಷ ಹಳೆಯ ಜರ್ಮನ್ ಕಾರಿನಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೋಗಿ ಹೆರಿಗೆ ಮಾಡಿಸುವವಳು. ಮೂರು ದಿನದ ಹಿಂದೆ ತುಂಬು ಬಸುರಿಯೊಬ್ಬಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಳು. ಬ್ರೇಕ್ ಒತ್ತಿದಾಗ ಚಕ್ರವೇ ಕಿತ್ತುಹೋಗುವಂತೆ ಸ್ಟಿಯರಿಂಗ್ ಅದುರಿತು. ಬೆದರಿ ಕಾಲು ತೆಗೆದಳು, ಕಾರು ಹಳ್ಳಕ್ಕೆ ಇಳಿಯಿತು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಬ್ರೇಕ್ ಡಿಸ್ಕುಗಳನ್ನು ಸೆಪ್ಟೆಂಬರಿನಲ್ಲಿ ಹೊಸದಾಗಿ ಹಾಕಿದ್ದು ಸಗಿನ್. ಬಸುರಿಯ ಜೀವದ ಜೊತೆ ಆಟವಾಡಿದವನೆಂದು ಊರೆಲ್ಲ ಅವನಿಗೆ ಶಾಪ ಹಾಕುತ್ತಿತ್ತು. ಸಾಲಿನಲ್ಲಿ ಕೆಳಗಿಳಿದು ಕೆಲಸ ಮಾಡಲು ಗುಂಡಿ ಇದ್ದದ್ದು ಅವನ ಗ್ಯಾರೇಜಿನಲ್ಲಿ ಮಾತ್ರ. ಅದು ಖಾಲಿಯಾದರೆ ತನಗೆ ಬೇಕೆಂದು ಟಯರು ಅಂಗಡಿಯ ಅಕ್ಮತ್ ಆಗಲೇ ಬಾಯಿಬಿಟ್ಟಿದ್ದನಂತೆ. ಅವನೊಬ್ಬನೇ ಅಲ್ಲ, ಇನ್ನಿಬ್ಬರೂ ಕೇಳಿದ್ದರಂತೆ.

ಕಾರು ಸಾಲಿನ ಅಂಗಳದಲ್ಲೇ ನಿಂತಿತ್ತು. ಜೂರಾಕನ್ ಸಗಿನ್‌ನನ್ನೂ ಸಾಲಿನ ಬೇರೆಯವರನ್ನೂ ದೂರ ನಿಲ್ಲಿಸಿ ಎಸೆನ್‌ನ ಕೈಯಲ್ಲೇ ಎಡಗಡೆಯ ಮುಂದಿನ ಚಕ್ರ ಬಿಚ್ಚಿಸಿದಳು. ಡಿಸ್ಕಿನ ನಡುಭಾಗದಲ್ಲಿ ಬಿಳಿ ಬಣ್ಣದಲ್ಲಿ ಮೂರು ಎಂಬ ಅಂಕಿ ಬರೆದಿತ್ತು. ಕೂರಿಸಿದ ಮೇಲೆ ಡಿಸ್ಕು ಎಷ್ಟು ಓಲಾಡುತ್ತದೆಂದು ಅಳೆದು ಬರೆಯುವುದು ತನ್ನ ಪದ್ಧತಿ, ಮೂರೆಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ಎಂದು ಸಗಿನ್ ದೂರದಿಂದಲೇ ಹೇಳಿದ. ಜೂರಾಕನ್ ಬೋಲ್ಟುಗಳನ್ನು ಮತ್ತೆ ಬಿಗಿದು, ತನ್ನ ಡಯಲ್ ಗೇಜ್ ತಾಗಿಸಿ ಡಿಸ್ಕನ್ನು ಮೆಲ್ಲಗೆ ತಿರುಗಿಸಿದಳು. ಮುಳ್ಳು ಇಪ್ಪತ್ತೆರಡರವರೆಗೆ ಓಡಿತು.

ಡಿಸ್ಕನ್ನು ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಗುಂಬಕ್ಕೆ, ಹಿಡಿದಿಡುವ ಸಣ್ಣ ತಿರುಪಿನ ತಲೆ ಸವೆದು ಹಾಳಾಗಿತ್ತು. ಅದನ್ನು ಕಷ್ಟಪಟ್ಟು ಬಿಚ್ಚಿ ಡಿಸ್ಕನ್ನು ಎಳೆದಾಗ, ಹಿಂದಿನಿಂದ ಉಗುರಗಲದ ತಗಡಿನ ಚೂರೊಂದು ಎಸೆನ್‌ನ ಅಂಗೈಗೆ ಬಿತ್ತು. ಕತ್ತರಿಯಲ್ಲಿ ಕತ್ತರಿಸಿದಂತಿತ್ತು. ಒಂದು ಮಗ್ಗುಲಿಗೆ ನೀಲಿ ಬಣ್ಣ, ಅದರ ಮೇಲೆ ಒತ್ತಿ ಮೂಡಿಸಿದ ನಾಲ್ಕು ಅಂಕಿಗಳು. ಹಬ್ಬಿನ ಮುಖ ಮಾತ್ರ ಹಳೆಯ ಕಾರಿನದೆಂದು ನಂಬಲಾಗದಷ್ಟು ಚೊಕ್ಕಟವಾಗಿತ್ತು. ಎಸೆನ್ ದೂರ ನಿಂತಿದ್ದ ಸಗಿನ್‌ನತ್ತ ತಿರುಗಿ ನೋಡಿದ. ಚೂರು ಇಟ್ಟವನು ಡಿಸ್ಕು ಕೂರಿಸಿದವನೇ ಅಲ್ಲದೆ ಇನ್ಯಾರು? ಜೂರಾಕನ್ ಮಾತ್ರ ಚೂರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬುರುಲ್‌ಳ ಮನೆಯ ಕಡೆ ಹೆಜ್ಜೆ ಹಾಕಿದಳು.

ಅಪಘಾತದ ಮಾತನ್ನು ಅವಳು ಎತ್ತಲೇ ಇಲ್ಲ. "ಕಾಲಿಗೆ ಮೊಟ್ಟಮೊದಲು ನಡುಕ ತಾಗಿದ್ದು ಯಾವಾಗ, ಬುರುಲ್?" ಎಂದು ಕೇಳಿದಳು.

ಬುರುಲ್ ದಿನಗಳನ್ನು ನೆನಪಿಟ್ಟುಕೊಳ್ಳುತ್ತಿದ್ದುದು ಹೆರಿಗೆಗಳಿಂದ. "ಕುರುಬರ ಮನೇಲಿ ಅವಳಿ ಗಂಡುಮಕ್ಕಳು ಹುಟ್ಟಿದ ವಾರ ಅಕ್ಕ. ಜನವರಿ ನಡುವೆ. ಮೊದಮೊದಲು ಇರುವೆ ಹರಿದ ಹಾಗೆ, ಆಮೇಲಾಮೇಲೆ ಜೋರಾಯ್ತು. ಅಕ್ಮತ್‌ನ ಕೇಳಿದೆ. ಹಿಮದ ಟಯರು ಹಾಗೇನೆ, ವಸಂತಕ್ಕೆ ಬದಲಾಯಿಸಿದರೆ ಸರಿಹೋಗುತ್ತೆ ಅಂದ."

ಹಿಮದ ಟಯರು ಹಾಕಿಸಿದ್ದು ಅಕ್ಮತ್‌ನ ಅಂಗಡಿಯಲ್ಲೇ, ನವೆಂಬರ್ ಹದಿನಾಲ್ಕಕ್ಕೆ ಎಂದೂ, ದಿನಕ್ಕೆ ಐವತ್ತು ಕಿಲೋಮೀಟರು ಓಡಾಟವಿತ್ತೆಂದೂ, ಆಮೇಲೆ ಚಕ್ರವನ್ನು ಯಾರೂ ಮುಟ್ಟಿಲ್ಲವೆಂದೂ ಅವಳು ಹೇಳಿದಳು. ಹೊರಗೆ ಬಂದ ಮೇಲೆ ಜೂರಾಕನ್, ಅಕ್ಮತ್‌ನ ಅಂಗಡಿಯಿಂದ ಟ್ಯೂಬಿಗೆ ಪ್ಯಾಚು ಹಚ್ಚುವ ಅಂಟು ಒಂದು ಡಬ್ಬ ತರುವಂತೆ ಎಸೆನ್‌ಗೆ ಹೇಳಿದಳು. ಅಂಟು ಯಾಕೆಂದು ಅವನಿಗೆ ತಿಳಿಯಲಿಲ್ಲ. ತಂದುಕೊಟ್ಟ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿ, ಚಹಾ ರೊಟ್ಟಿ ಇಟ್ಟುಕೊಂಡು ಎಲ್ಲರೂ ಸೇರಿದರು. ಸಾಲಿನ ಹಿರಿಯ ಒಸ್ಮೋನ್ ನಡುವೆ ಕೂತಿದ್ದ. ಒಂದು ತುದಿಗೆ ತಲೆ ತಗ್ಗಿಸಿದ ಸಗಿನ್, ಅವನೆದುರು ಕಾಲು ಚಾಚಿ ಕೂತ ಅಕ್ಮತ್. ಜೂರಾಕನ್ ಡಿಸ್ಕನ್ನು ರೊಟ್ಟಿಯ ಪಕ್ಕದಲ್ಲೇ ಇಟ್ಟಳು.

ಹಳೆಯ ಕಾರಿನ ಹೊಸ ಡಿಸ್ಕು ಹಾಳಾಗುವ ದಾರಿಗಳನ್ನು ಅವಳು ಮೊದಲು ಹೇಳಿದಳು. ಹಬ್ಬಿನ ತುಕ್ಕು ಉಜ್ಜದೆ ಕೂರಿಸಿದರೆ ಡಿಸ್ಕು ಓರೆಯಾಗುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಒಂದೇ ಬಿಗಿಗೆ ತಿರುಗಿಸದಿದ್ದರೂ ಅಷ್ಟೇ. ಓರೆಯಾದ ಡಿಸ್ಕು ಅವತ್ತೇ ದೂರು ಹೇಳುವುದಿಲ್ಲ. ಸುತ್ತು ಸುತ್ತಿಗೂ ಒಂದೇ ಕಡೆ, ಡಿಸ್ಕನ್ನು ಕಚ್ಚುವ ಪ್ಯಾಡಿಗೆ ಉಜ್ಜಿ, ಎರಡು ಮೂರು ಸಾವಿರ ಕಿಲೋಮೀಟರು ಓಡಿದ ಮೇಲೆ ಅಲ್ಲಿ ತೆಳ್ಳಗಾಗುತ್ತದೆ. ನಡುಕ ಶುರುವಾಗುವುದು ಆಮೇಲೆ.

"ನೀವೆಲ್ಲ ಗಾಯ ಕಂಡ ದಿನವನ್ನ ಹುಡುಕಿದಿರಿ," ಎಂದಳು. "ನಾನು ಚುಚ್ಚಿದ ದಿನವನ್ನ ಹುಡುಕಿದೆ. ನಡುಕ ಬಂದದ್ದು ಜನವರಿ ನಡುವೆ. ಅದಕ್ಕೆ ಮೂರು ಸಾವಿರ ಕಿಲೋಮೀಟರು ಹಿಂದೆ ಅಂದ್ರೆ ಎರಡು ತಿಂಗಳು. ನವೆಂಬರ್ ನಡುವೆ."

"ಲೆಕ್ಕ ಏನಾದರೂ ಹೇಳಬಹುದು ಅಕ್ಕ," ಎಂದು ಅಕ್ಮತ್ ನಕ್ಕ. "ತಗಡು ಇಟ್ಟಿದ್ದು ಸೆಪ್ಟೆಂಬರಿನಲ್ಲಿ ಸಗಿನ್ನೇ ಅಲ್ಲ ಅಂತ ಹೇಗೆ ಹೇಳ್ತೀರಿ?"

ಜೂರಾಕನ್ ಅವನನ್ನು ನೋಡಿದಳು. "ತಗಡಿನ ಸುದ್ದಿ ನಾನಿನ್ನೂ ಎತ್ತೇ ಇಲ್ವಲ್ಲಪ್ಪ."

ಅವಳು ಕರವಸ್ತ್ರ ಬಿಚ್ಚಿ ಚೂರನ್ನು ಒಸ್ಮೋನ್‌ನ ಅಂಗೈಗೆ ಹಾಕಿ, ಅಂಟಿನ ಡಬ್ಬವನ್ನು ಪಕ್ಕದಲ್ಲಿ ಹಿಡಿದಳು. ಅದೇ ನೀಲಿ. ಡಬ್ಬದ ಅಂಚಿನಲ್ಲಿ ತಯಾರಾದ ತಿಂಗಳು, ವರ್ಷ ಒತ್ತಿ ಮೂಡಿಸಿದ್ದರು. ಚೂರಿನ ಮೇಲಿದ್ದ ನಾಲ್ಕು ಅಂಕಿಗಳೂ ಅದೇ ಜಾಗದವು. ಮುದುಕ ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದ. ಕಳೆದ ವರ್ಷದ ಅಕ್ಟೋಬರ್.

"ಅಕ್ಟೋಬರಿನಲ್ಲಿ ಹುಟ್ಟಿದ ಡಬ್ಬದ ತಗಡನ್ನ ಸೆಪ್ಟೆಂಬರಿನಲ್ಲಿ ಇಡೋಕೆ ಸಗಿನ್‌ಗೆ ಆಗ್ತಿರಲಿಲ್ಲ," ಎಂದಳು ಜೂರಾಕನ್. "ಅವನು ಹಬ್ಬನ್ನ ಕನ್ನಡಿ ಹಾಗೆ ಉಜ್ಜಿದ್ದ, ಓಲಾಟ ಅಳೆದು ಬರೆದಿದ್ದ. ಅಕ್ಟೋಬರ್ ಆದಮೇಲೆ ಚಕ್ರ ಬಿಚ್ಚಿದ್ದು ಹಿಮದ ಟಯರು ಹಾಕಿದವನೊಬ್ಬನೇ. ಡಿಸ್ಕು ತೆಗೆಯೋಕೆ ಹೋಗಿ ತಿರುಪಿನ ತಲೆ ಸವೆಸಿದವನೂ ಅವನೇ. ನಡುಕ ಬಂತು ಅಂತ ಬುರುಲ್ ಕೇಳಿದಾಗ ಸಗಿನ್ ಹತ್ತಿರ ಹೋಗು ಅನ್ನದೆ, ಹಿಮದ ಟಯರಿನ ಮೇಲೆ ತಪ್ಪು ಹೊರಿಸಿದವನೂ ಅವನೇ. ಗುಂಡಿ ಇರೋ ಗ್ಯಾರೇಜಿನ ಮೇಲೆ ಕಣ್ಣಿಟ್ಟವರಲ್ಲಿ ಅವನೂ ಒಬ್ಬ."

ಅಕ್ಮತ್ ಚಾಚಿದ್ದ ಕಾಲು ಮಡಿಸಿಕೊಂಡ. ಸಗಿನ್‌ಗೆ ಕೆಟ್ಟ ಹೆಸರು ಬಂದರೆ ಸಾಕೆಂದುಕೊಂಡಿದ್ದೆ, ಬಸುರಿ ಇರುತ್ತಾಳೆಂದು ಯೋಚಿಸಲಿಲ್ಲ ಎಂದು ನೆಲ ನೋಡುತ್ತ ಒಪ್ಪಿಕೊಂಡ. ಬುರುಲ್ ಎದ್ದು ಅವನ ಮುಂದೆ ನಿಂತಳು. "ನಿನ್ನ ಮಗಳನ್ನ ಈ ಕೈಯಲ್ಲೇ ಎತ್ತಿಕೊಂಡಿದ್ದೆ, ಅಕ್ಮತ್," ಎಂದಳು. ಅವನ ಅಂಗಡಿಗೆ ಅಂದೇ ಬೀಗ ಬೀಳಬೇಕೆಂದೂ, ಪೊಲೀಸರಿಗೆ ತಾನೇ ತಿಳಿಸುವೆನೆಂದೂ ಒಸ್ಮೋನ್ ತೀರ್ಪು ಕೊಟ್ಟ. ಆಮೇಲೆ ಮುದುಕ ಸಗಿನ್‌ನ ಬಳಿಗೆ ನಡೆದುಹೋಗಿ, ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕ್ಷಮೆ ಕೇಳಿದ.

ಸಗಿನ್ ಅಲ್ಲೇ, ಎಲ್ಲರ ಕಣ್ಣೆದುರು, ಎರಡೂ ಕಡೆಗೆ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ. ಹಬ್ಬು ಉಜ್ಜಿದ, ಅಳೆದ. ಗೇಜಿನ ಮುಳ್ಳು ಎರಡಕ್ಕೆ ನಿಂತಾಗ ಸಾಲಿನವರು ಅವನ ಭುಜ ತಟ್ಟಿದರು. ಬುರುಲ್ ಜೊತೆ ಎಸೆನ್ ಕಾರು ಹತ್ತಿದ. ಪ್ಯಾಡು ಹೊಂದಿಕೊಳ್ಳಲೆಂದು ಸಮದಾರಿಯಲ್ಲಿ ಹಲವು ಸಲ ಮೃದುವಾಗಿ ಬ್ರೇಕ್ ಒತ್ತಿ, ಆಮೇಲೆ ಅದೇ ಇಳಿಜಾರಿಗೆ ಹೋದರು. ತಿರುವಿನಲ್ಲಿ ಅವಳು ಹಲ್ಲು ಕಚ್ಚಿ ಬ್ರೇಕ್ ಒತ್ತಿದಳು. ಕಾರು ಚೂರೂ ಅದುರದೆ, ಸದ್ದಿಲ್ಲದೆ ನಿಂತಿತು. ಬುರುಲ್ ಗಟ್ಟಿಯಾಗಿ ನಕ್ಕಳು. ಎಸೆನ್‌ಗೂ ತಡೆಯಲಾಗಲಿಲ್ಲ.

ಅವರು ಮರಳಿದಾಗ ಸಾಲಿನಲ್ಲಿದ್ದ ಕಾರು ಲಾರಿಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು. ಸಗಿನ್‌ನನ್ನು ಯಾರೋ ಹೆಗಲ ಮೇಲೆ ಎತ್ತಿಕೊಂಡಿದ್ದರು. ಜೂರಾಕನ್ ಒಬ್ಬಳೇ ಚಾಪೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಆ ಗದ್ದಲದಲ್ಲಿ ಬುರುಲ್ ಬಗ್ಗಿ ಅವಳನ್ನು ತಬ್ಬಿಕೊಂಡಳು.

"ಅದಿರಲಿ," ಎಂದಳು ಜೂರಾಕನ್, ಅವಳ ಬೆನ್ನು ಸವರುತ್ತ. "ನೂರು ಕಿಲೋಮೀಟರು ಓಡಿಸಿಕೊಂಡು ಬಾ. ಬೋಲ್ಟುಗಳ ಬಿಗಿ ಇನ್ನೊಂದು ಸಲ ನೋಡಬೇಕು."